ಎಂಟನೇ ಕ್ಲಾಸ್ ಮುಗಿದ ಮೇಲೆ ಫೀಸು ಯಾರು ಕೊಡುತ್ತಾರೆ?

ಪ್ರಶ್ನೆ: ಮೇಡಂ, ನಾವು ದಾವಣಗೆರೆಯವರು. ನಮ್ಮ ಯಜಮಾನರು ಗಾರೆ ಕೆಲಸ ಮಾಡುತ್ತಾರೆ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಮಗಳಿಗೆ 2018ರಲ್ಲಿ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಸೀಟು ಸಿಕ್ಕಿ, ಇಂಗ್ಲಿಷ್ ಮೀಡಿಯಂ ಖಾಸಗಿ ಶಾಲೆಗೆ ಒಂದನೇ ಕ್ಲಾಸಿಗೆ ಸೇರಿದಳು. ಈಗ ಎಂಟನೇ ಕ್ಲಾಸ್ ಮುಗಿಸುತ್ತಿದ್ದಾಳೆ. ಒಂಬತ್ತನೇ ಕ್ಲಾಸಿಗೆ 42,000 ಫೀಸು, ಪುಸ್ತಕ ಮತ್ತು ಯೂನಿಫಾರ್ಮಿಗೆ 6,500 ಕಟ್ಟಿ ಎನ್ನುತ್ತಿದ್ದಾರೆ. ಹಿಂದಿನ ಎರಡು ವರ್ಷದ ಆರ್‌ಟಿಇ ಹಣ ಸರ್ಕಾರದಿಂದ ಬಂದಿಲ್ಲ, ಅದನ್ನೂ ನೀವೇ ಕೊಡಬೇಕಾಗಬಹುದು ಎಂದೂ ಹೇಳಿದ್ದಾರೆ. ಚಿಕ್ಕವನು ಈ ಜೂನ್‌ಗೆ ಒಂದನೇ ಕ್ಲಾಸಿಗೆ. ಅವನಿಗೆ ನಮ್ಮ ವಾರ್ಡಿನಲ್ಲಿ ಖಾಸಗಿ ಶಾಲೆಯ ಸೀಟೇ ತೋರಿಸುತ್ತಿಲ್ಲ. ಆರ್‌ಟಿಇ ನಿಂತುಹೋಯಿತು ಅಂತಾರೆ, ನಿಜವಾ? ಪಕ್ಕದ ಬೀದಿಯ ಟ್ಯೂಷನ್ ಸೆಂಟರಿನವರು, ‘ಶಾಲೆಗೇ ಹಾಕಬೇಡಿ, ನಮ್ಮಲ್ಲಿ ಹೋಮ್‌ಸ್ಕೂಲಿಂಗ್ ಮಾಡಿಸಿ, ಮುಂದೆ ಓಪನ್ ಸ್ಕೂಲ್ ಪರೀಕ್ಷೆ ಬರೆಸುತ್ತೇವೆ. ಸರ್ಕಾರ ಮಗುವಿಗೆ ಕೊಡುವ 16,000 ನಿಮ್ಮ ಅಕೌಂಟಿಗೇ ಬರುತ್ತೆ’ ಎಂದರು. ನಂಬಬಹುದಾ?

ಉತ್ತರ: ನಿಮ್ಮ ಪತ್ರ ಓದಿದಾಗ ನನಗೆ 2020ರ ಜೂನ್ ನೆನಪಾಯಿತು. ಆಗ ನಾನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಆರ್‌ಟಿಇ ಕಡತ ನೋಡಿಕೊಳ್ಳುತ್ತಿದ್ದೆ. ಕರ್ನಾಟಕದಲ್ಲಿ ಆರ್‌ಟಿಇ ಸೀಟು ಕೊಡಲು ಶುರು ಮಾಡಿದ್ದು 2012-13ರಲ್ಲಿ. ಆ ಮೊದಲ ಸಾಲಿನ ಮಕ್ಕಳು ಎಂಟನೇ ಕ್ಲಾಸ್ ಮುಗಿಸಿದ್ದು ಸರಿಯಾಗಿ ಕೊರೊನಾ ಬಂದಾಗ. ಹೂ ಮಾರುವ ಒಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಮಗನ ಎಂಟು ವರ್ಷದ ಮಾರ್ಕ್ಸ್ ಕಾರ್ಡ್‌ಗಳನ್ನೆಲ್ಲ ಕಟ್ಟಿಕೊಂಡು ಬಂದಿದ್ದರು. ಒಂದೊಂದನ್ನೂ ಮೇಜಿನ ಮೇಲೆ ಇಟ್ಟು, “ಇನ್ನು ಎರಡೇ ವರ್ಷ ಅಲ್ವಾ ಮೇಡಂ, ಇಷ್ಟು ಕೊಟ್ಟ ಸರ್ಕಾರ ಅಷ್ಟು ಕೊಡಲ್ವಾ?” ಎಂದರು. ನನ್ನ ಹತ್ತಿರ ಉತ್ತರ ಇತ್ತು, ಆದರೆ ಅವರಿಗೆ ಬೇಕಾದ ಉತ್ತರ ಇರಲಿಲ್ಲ. ಎಂಟು ವರ್ಷದಲ್ಲಿ ಅವರಿಗೆ ಯಾರೂ, ಶಾಲೆಯವರೂ ನಾವೂ, ಈ ಹಣ ಎಲ್ಲಿ ನಿಲ್ಲುತ್ತದೆ ಎಂದು ಹೇಳಿರಲಿಲ್ಲ. ಅದು ನನ್ನನ್ನು ಈಗಲೂ ಕಾಡುತ್ತದೆ. ಹಾಗಾಗಿ ನಿಮಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀವು ಕೇಳಿದ್ದರಲ್ಲಿ ನಾಲ್ಕು ವಿಷಯ ಇವೆ. ಮಗಳ ಮುಂದಿನ ಎರಡು ವರ್ಷ, ಹಳೆ ಬಾಕಿಯ ಬೆದರಿಕೆ, ಮಗನ ಸೀಟು, ಆ ಟ್ಯೂಷನ್ ಸೆಂಟರಿನ ಮಾತು. ನಾಲ್ಕಕ್ಕೂ ಬೇರು ಒಂದೇ. ಆ ಹಣ ಮಗುವಿನ ಹೆಸರಿನಲ್ಲಿ ಬರುತ್ತದೆ ನಿಜ, ಆದರೆ ಅದು ಮಗುವಿನ ಹಣ ಅಲ್ಲ. ಶಾಲೆ ಒಂದು ಸೀಟು ಬಿಟ್ಟುಕೊಟ್ಟಿದ್ದಕ್ಕೆ ಸರ್ಕಾರ ಆ ಶಾಲೆಗೆ ತುಂಬಿಕೊಡುವ ಖರ್ಚು. ಮಗು ಮನೆಯಲ್ಲಿ ಕೂತರೆ ಆ ಹಣ ಮಗುವಿನ ಹಿಂದೆ ಬರುವುದಿಲ್ಲ. ಎಂಟನೇ ಕ್ಲಾಸ್ ದಾಟಿದರೂ ಬರುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ ಆಗಿದ್ದು 2009ರಲ್ಲಿ, ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ರಿಂದ. 6ರಿಂದ 14 ವರ್ಷದ ಮಕ್ಕಳಿಗೆ ಒಂದರಿಂದ ಎಂಟನೇ ಕ್ಲಾಸ್‌ವರೆಗೆ ಉಚಿತ ಶಿಕ್ಷಣ ಅನ್ನುವುದು ಅದರ ಹೂರಣ. ಅದರ 12ನೇ ಸೆಕ್ಷನ್ನಿನಲ್ಲಿ, ಅನುದಾನವಿಲ್ಲದ ಖಾಸಗಿ ಶಾಲೆಗಳು ಪ್ರವೇಶದ ತರಗತಿಯಲ್ಲಿ ಕನಿಷ್ಠ 25% ಸೀಟನ್ನು ನೆರೆಹೊರೆಯ ಬಡ ಮತ್ತು ಹಿಂದುಳಿದ ಮಕ್ಕಳಿಗೆ ಕೊಡಬೇಕು ಎಂದಿದೆ. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. 2014ರಲ್ಲಿ ಇನ್ನೊಂದು ತೀರ್ಪಿನಲ್ಲಿ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳನ್ನು ಕಾಯ್ದೆಯಿಂದ ಹೊರಗಿಟ್ಟಿತು.

ಹಣದ ಲೆಕ್ಕ ಹೀಗೆ. ಸರ್ಕಾರ ತನ್ನ ಶಾಲೆಯಲ್ಲಿ ಒಂದು ಮಗುವಿಗೆ ಮಾಡುವ ಖರ್ಚು ಒಂದು ಕಡೆ, ಖಾಸಗಿ ಶಾಲೆಯ ನಿಜವಾದ ಫೀಸು ಇನ್ನೊಂದು ಕಡೆ. ಎರಡರಲ್ಲಿ ಯಾವುದು ಕಮ್ಮಿಯೋ ಅಷ್ಟು ಮಾತ್ರ. ನೀವು ಕೇಳಿದ 16,000 ಅನ್ನುವುದು ಒಂದನೇ ಕ್ಲಾಸ್‌ನಿಂದ ಮೇಲಿನವರಿಗೆ ನಮ್ಮ ರಾಜ್ಯ ಇಟ್ಟುಕೊಂಡ ಗರಿಷ್ಠ ಮಿತಿ. ಎಲ್‌ಕೆಜಿಗೆ 8,000. ಶಾಲೆಯ ಫೀಸು 11,000 ಇದ್ದರೆ 11,000ವೇ ಬರುತ್ತದೆ. 42,000 ಇದ್ದರೂ 16,000 ದಾಟುವುದಿಲ್ಲ. ಎಲ್ಲವೂ ಶಾಲೆಯ ಖಾತೆಗೆ.

ಈಗ ಆ ಬಾಕಿಯ ವಿಷಯ. ಇದರಲ್ಲಿ ನೀವು ಹೆದರಬೇಕಾದ್ದು ಏನೂ ಇಲ್ಲ. ಸರ್ಕಾರ ಹಣ ಕೊಡುವುದು ತಡವಾಗುತ್ತದೆ, ಆ ಬಗ್ಗೆ ಶಾಲೆಯವರ ಸಿಟ್ಟು ಸುಳ್ಳಲ್ಲ. ಸಣ್ಣ ಶಾಲೆಗಳು ಮೇಷ್ಟ್ರುಗಳಿಗೆ ಸಂಬಳ ಕೊಡಲು ಒದ್ದಾಡಿದ್ದನ್ನು ನಾನೇ ನೋಡಿದ್ದೇನೆ. ಆದರೆ ಅದು ಶಾಲೆಗೂ ಸರ್ಕಾರಕ್ಕೂ ಇರುವ ವ್ಯವಹಾರ. ಮಗು ಶಿಕ್ಷಣ ಪೂರೈಸಲು ಅಡ್ಡಿಯಾಗುವ ಯಾವ ಫೀಸನ್ನೂ ಖರ್ಚನ್ನೂ ಕೇಳುವಂತಿಲ್ಲ ಎಂದು ಕಾಯ್ದೆಯ 3ನೇ ಸೆಕ್ಷನ್ನಿನಲ್ಲೇ ಇದೆ. ಯಾರಾದರೂ ಬಾಕಿ ಕೇಳಿದರೆ, “ದಯವಿಟ್ಟು ಲೆಟರ್‌ಹೆಡ್‌ನಲ್ಲಿ ಬರೆದುಕೊಡಿ” ಎನ್ನಿ. ಜಗಳ ಬೇಡ, ಇಷ್ಟೇ ಸಾಕು. ಹತ್ತರಲ್ಲಿ ಒಂಬತ್ತು ಸಲ ಮಾತು ಅಲ್ಲಿಗೇ ನಿಲ್ಲುತ್ತದೆ. ಬರೆದೇ ಕೊಟ್ಟರೆ ಅದರ ಜೆರಾಕ್ಸ್ ಸಮೇತ ಬಿಇಒಗೆ ಅರ್ಜಿ ಕೊಟ್ಟು, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಅಲ್ಲಿ ಕೆಲಸ ಆಗದಿದ್ದರೆ ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರು (ಡಿಡಿಪಿಐ), ಆಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಎಂಟನೇ ಕ್ಲಾಸ್ ಮುಗಿಸಿದ ಮಗುವಿಗೆ ಪ್ರಾಥಮಿಕ ಶಿಕ್ಷಣ ಪೂರೈಸಿದ ಪ್ರಮಾಣಪತ್ರ ಕೊಡಲೇಬೇಕು. ಅದೂ ಕಾಯ್ದೆಯಲ್ಲೇ ಇದೆ. ಮರೆಯದೆ ಕೇಳಿ ಪಡೆಯಿರಿ.

ಮಗಳ ಒಂಬತ್ತು-ಹತ್ತರ ವಿಷಯದಲ್ಲಿ ಮಾತ್ರ ಕಾಯ್ದೆ ನಿಮ್ಮ ಜೊತೆ ಇಲ್ಲ. ಎಂಟರ ನಂತರ ಶಾಲೆ ಪೂರ್ತಿ ಫೀಸು ಕೇಳಬಹುದು. ಇದು ನನಗೆ ಸರಿ ಅನ್ನಿಸಿಲ್ಲ. ಏಳೆಂಟು ವರ್ಷ ಒಂದು ಬೆಂಚಿನಲ್ಲಿ ಕೂತ ಮಗುವನ್ನು ಎಸ್ಸೆಸ್ಸೆಲ್ಸಿಗೆ ಎರಡು ವರ್ಷ ಇರುವಾಗ ಬಾಗಿಲಲ್ಲಿ ನಿಲ್ಲಿಸುವುದು ದೊಡ್ಡ ಅನ್ಯಾಯ. ಆದರೂ ಇವತ್ತಿನ ನಿಯಮ ಅದೇ, ಅದನ್ನು ಇಟ್ಟುಕೊಂಡೇ ದಾರಿ ಹುಡುಕಬೇಕು.

ಅದೇ ಶಾಲೆಯಲ್ಲಿ ಮುಂದುವರಿಸಿದರೆ ಏನಾಗುತ್ತದೆ, ಮೊದಲು ನೋಡೋಣ. ಈ ವರ್ಷ 48,500. ಹತ್ತನೇ ಕ್ಲಾಸಿಗೆ ಫೀಸು ಇಳಿಯುವುದಿಲ್ಲ. ಅಂದರೆ ಎರಡು ವರ್ಷಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ. ಗಾರೆ ಕೆಲಸ ಮಳೆಗಾಲದಲ್ಲಿ ಕಮ್ಮಿ ಅಂತ ನಿಮಗೆ ನಾನು ಹೇಳಬೇಕಾ? ಫೀಸಿನ ಕಂತು ಬರುವುದೂ ಜೂನ್, ಸೆಪ್ಟೆಂಬರಿನಲ್ಲೇ. ಇಂಥ ಮನೆಗಳಲ್ಲಿ ಮೊದಲು ಹೋಗುವುದು ಕಿವಿಯ ಓಲೆ, ಆಮೇಲೆ ಕೈಸಾಲ. ಅರ್ಧ ವರ್ಷಕ್ಕೆ ಫೀಸು ಕಟ್ಟಲಾಗದೆ ಮಗುವನ್ನು ನಡುವೆ ಬಿಡಿಸಿದವರನ್ನು ನಾನು ಬಹಳ ಕಂಡಿದ್ದೇನೆ. ಹತ್ತನೇ ಕ್ಲಾಸಿನ ನಡುವೆ ಶಾಲೆ ಬದಲಾಯಿಸುವುದು ಎಲ್ಲಕ್ಕಿಂತ ಕೆಟ್ಟ ಸ್ಥಿತಿ. ಆದ್ದರಿಂದ ಎರಡು ವರ್ಷದ ಫೀಸು ಕಟ್ಟುವ ಧೈರ್ಯ ಇದ್ದರೆ ಮಾತ್ರ ಮುಂದುವರಿಸಿ. ಒಂದು ವರ್ಷ ಕಟ್ಟಿ ನೋಡೋಣ ಅನ್ನುವುದು ಬೇಡ. ಹಾಗೆ ಮುಂದುವರಿಸುವುದೇ ಆದರೆ ಆಡಳಿತ ಮಂಡಳಿಯವರನ್ನು ಮೊದಲೇ ಭೇಟಿ ಮಾಡಿ ರಿಯಾಯಿತಿ ಕೇಳಿ. ಚೆನ್ನಾಗಿ ಓದುವ ಮಕ್ಕಳನ್ನು ಬಿಟ್ಟುಕೊಡಲು ಶಾಲೆಗಳಿಗೂ ಮನಸ್ಸಿರುವುದಿಲ್ಲ, ಅವರ ರಿಸಲ್ಟೂ ಅದರ ಮೇಲೇ ನಿಂತಿರುತ್ತದೆ. ಕೊಟ್ಟ ರಿಯಾಯಿತಿಯನ್ನು ಎರಡೂ ವರ್ಷಕ್ಕೆ ಸೇರಿಸಿ ಬರೆಸಿಕೊಳ್ಳಿ.

ಎರಡನೇ ದಾರಿ ಸರ್ಕಾರಿ ಅಥವಾ ಅನುದಾನಿತ ಹೈಸ್ಕೂಲು. ಇಲ್ಲಿ ಅನುದಾನಿತ ಶಾಲೆ ಅಂದರೆ ಏನು ಅಂತ ಹೇಳಬೇಕು. ಬಹಳ ಜನ ಇದನ್ನು ಪೂರ್ತಿ ಖಾಸಗಿ ಎಂದುಕೊಂಡಿದ್ದಾರೆ. ಖಾಸಗಿ ಶಾಲೆಗೆ ಸರ್ಕಾರ ದುಡ್ಡು ಕೊಡುವುದು ಆರ್‌ಟಿಇಯಿಂದ ಶುರುವಾದದ್ದಲ್ಲ. ಬ್ರಿಟಿಷರು 1854ರಲ್ಲಿ ಹೊರಡಿಸಿದ ಶಿಕ್ಷಣ ನೀತಿಯ ಪತ್ರ, ವುಡ್ಸ್ ಡಿಸ್ಪ್ಯಾಚ್ ಕಾಲದಿಂದಲೂ ಸಹಾಯಧನದ ಪದ್ಧತಿ ಇದೆ. ಶಾಲೆ ಮಠದ್ದೋ ಟ್ರಸ್ಟಿನದ್ದೋ ಆಗಿರುತ್ತದೆ, ಮೇಷ್ಟ್ರುಗಳ ಸಂಬಳ ಸರ್ಕಾರದ್ದು. ನಮ್ಮೂರುಗಳಲ್ಲಿ ಹಳೆ ಹೆಸರಿನ ಎಷ್ಟೋ ಹೈಸ್ಕೂಲುಗಳು ಇಂಥವೇ. 1987ಕ್ಕೆ ಮುಂಚಿನ ಶಾಲೆಗಳು, ಆಮೇಲೆ 1995ರವರೆಗೆ ಶುರುವಾದ ಕನ್ನಡ ಮಾಧ್ಯಮದ ಶಾಲೆಗಳು ಅನುದಾನಕ್ಕೆ ಒಳಪಟ್ಟವು. ಆಚೆಗಿನವು ಇವತ್ತಿಗೂ ಅನುದಾನ ಕೇಳುತ್ತಲೇ ಇವೆ. ಅನುದಾನಿತ ಶಾಲೆಯಲ್ಲಿ ಬಿಸಿಯೂಟ ಇದೆ, ಫೀಸು ಕಮ್ಮಿ. ಆದರೆ ಅಭಿವೃದ್ಧಿ ಶುಲ್ಕ ಅಂತ ಒಂದಿಷ್ಟು ಕೇಳುತ್ತಾರೆ, ಮೊದಲೇ ವಿಚಾರಿಸಿ. ಇನ್ನೊಂದು ಎಚ್ಚರಿಕೆ: ನಿವೃತ್ತಿಯಾದವರ ಜಾಗ ತುಂಬದೆ ಉಳಿದ ಶಾಲೆಗಳಿವೆ. ‘ಗಣಿತಕ್ಕೆ, ವಿಜ್ಞಾನಕ್ಕೆ ಕಾಯಂ ಮೇಷ್ಟ್ರು ಇದ್ದಾರಾ’ ಎಂದು ನೇರವಾಗಿ ಕೇಳಿ.

ಮಗಳು ಓದಿದ್ದು ರಾಜ್ಯ ಪಠ್ಯಕ್ರಮವಾ, ಸಿಬಿಎಸ್‌ಇನಾ? ಇದು ನಿಮ್ಮ ಪತ್ರದಲ್ಲಿಲ್ಲ. ನಿರ್ಧಾರಕ್ಕೆ ಇದು ಮುಖ್ಯ. ರಾಜ್ಯ ಪಠ್ಯಕ್ರಮ ಆಗಿದ್ದರೆ ಪುಸ್ತಕ ಅವವೇ, ಶಾಲೆ ಬದಲಾದರೂ ಪಾಠ ಬದಲಾಗುವುದಿಲ್ಲ. ಸಿಬಿಎಸ್‌ಇ ಆಗಿದ್ದರೆ ಕನ್ನಡ ಮತ್ತು ಸಮಾಜಕ್ಕೆ ಬೇಸಿಗೆಯಲ್ಲಿ ಸ್ವಲ್ಪ ಕೂರಿಸಬೇಕಾಗುತ್ತದೆ. ಹೊಸ ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮದ ಸೆಕ್ಷನ್ ಇದೆಯಾ, ಅವಳ ಪ್ರಥಮ ಭಾಷೆ ಅಲ್ಲಿ ಸಿಗುತ್ತದಾ ಎರಡನ್ನೂ ನೋಡಿ. ಪ್ರಥಮ ಭಾಷೆ ಇಂಗ್ಲಿಷ್ ಇದ್ದ ಹುಡುಗಿಗೆ ಏಕಾಏಕಿ ಪ್ರಥಮ ಭಾಷೆ ಕನ್ನಡ ಬಂದರೆ ವ್ಯಾಕರಣದಲ್ಲಿ ತಿಣುಕುತ್ತಾಳೆ. ಬದಲಿಸುವುದಾದರೆ ಈ ಜೂನ್‌ನಲ್ಲೇ. ಹತ್ತನೇ ಕ್ಲಾಸಿಗೆ ಬಂದಾಗ ಅಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಆದಾಯಕ್ಕೆ ಈ ಎರಡನೇ ದಾರಿಯೇ ಸರಿ. ಆ ಒಂದು ಲಕ್ಷ ಅವಳ ಪಿಯುಸಿಗೆ ಬೇಕಾಗುತ್ತದೆ. ಆದರೆ ಅವಳಿಗೆ ಹೇಳದೆ ಟಿಸಿಗೆ ಅರ್ಜಿ ಹಾಕಬೇಡಿ. ಹದಿಮೂರು ಹದಿನಾಲ್ಕರ ಹುಡುಗಿಗೆ ಗೆಳತಿಯರನ್ನು ಬಿಡುವುದು ಸಣ್ಣ ವಿಷಯ ಅಲ್ಲ. ‘ದುಡ್ಡಿಲ್ಲ ಅಂತ ನನ್ನನ್ನು ತೆಗೆದರು’ ಎಂದು ಅವಳು ತಿಳಿದುಕೊಳ್ಳುವುದು ಬೇಡ. ಲೆಕ್ಕದ ಹಾಳೆ ಮುಂದಿಟ್ಟುಕೊಂಡು ಅವಳ ಜೊತೆ ಕೂತು ಮಾತಾಡಿ. ಎರಡು ಶಾಲೆಗೆ ಕರೆದುಕೊಂಡು ಹೋಗಿ, ಅವಳೇ ಒಂದನ್ನು ಆರಿಸಲಿ.

ನೀವು ಪರಿಶಿಷ್ಟ ಜಾತಿಯವರಾಗಿದ್ದರೆ ಇನ್ನೊಂದು ದಾರಿ ಇದೆ. ಕೇಂದ್ರ ಸರ್ಕಾರದ ‘ಶ್ರೇಷ್ಠ’ ಯೋಜನೆಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದ ಮಕ್ಕಳನ್ನು ಒಂಬತ್ತು ಮತ್ತು ಹನ್ನೊಂದನೇ ತರಗತಿಗೆ ಒಳ್ಳೆಯ ಖಾಸಗಿ ವಸತಿ ಶಾಲೆಗೆ ಸೇರಿಸುತ್ತಾರೆ, ಫೀಸು ಮತ್ತು ಹಾಸ್ಟೆಲ್ ಖರ್ಚು ಸರ್ಕಾರದ್ದು. ಇದಕ್ಕೆ ಎಂಟನೇ ಕ್ಲಾಸಿನಲ್ಲಿ ಇರುವಾಗಲೇ ಅರ್ಜಿ ಹಾಕಿರಬೇಕು. ಈ ವರ್ಷ ತಪ್ಪಿದ್ದರೆ ಹನ್ನೊಂದಕ್ಕೆ ನೆನಪಿಟ್ಟುಕೊಳ್ಳಿ.

ಇನ್ನು ನಿಮ್ಮ ಕೈಗೇ ಬರುವ ಹಣ ಒಂದಿದೆ, ನೀವು ಅದನ್ನು ಕೇಳಲೇ ಇಲ್ಲ! ಯಜಮಾನರಿಗೆ ಲೇಬರ್ ಕಾರ್ಡ್ ಇದೆಯಾ? ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆದವರ ಇಬ್ಬರು ಮಕ್ಕಳಿಗೆ ಶೈಕ್ಷಣಿಕ ಸಹಾಯಧನ ಇದೆ. ಊರಿನಲ್ಲಿ ದೊಡ್ಡ ಕಟ್ಟಡ ಕಟ್ಟುವವರಿಂದ ವಸೂಲಿ ಮಾಡುವ ಸೆಸ್ಸಿನ ಹಣ ಅದು, ನಿಮ್ಮ ಯಜಮಾನರಂಥವರ ಬೆವರಿನದ್ದೇ. ವರ್ಷದಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಇಟ್ಟು ನೋಂದಣಿ ಮಾಡಿಸಬಹುದು. ಮೊತ್ತವನ್ನು ಆಗಾಗ ಬದಲಿಸುತ್ತಾರೆ, ಈಚೆಗೆ ಇಳಿಸಿಯೂ ಇದ್ದಾರೆ. ಪೂರ್ತಿ ಫೀಸು ಅದರಲ್ಲಿ ತೀರುವುದಿಲ್ಲ. ಆದರೂ ಬಿಡಬೇಡಿ. ಕಾರ್ಡ್ ನವೀಕರಣ ತಪ್ಪಿದ್ದರೆ ಮೊದಲು ಅದನ್ನು ಮಾಡಿಸಿ.

ಈಗ ಮಗನ ವಿಷಯಕ್ಕೆ ಬರೋಣ. ಆರ್‌ಟಿಇ ನಿಂತಿಲ್ಲ, ನಿಯಮ ಬದಲಾಗಿದೆ. 2019ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ನಿಯಮ ತಿದ್ದಿತು. ನಿಮ್ಮ ನೆರೆಹೊರೆಯಲ್ಲಿ, ಅಂದರೆ ನಗರದಲ್ಲಿ ನಿಮ್ಮ ವಾರ್ಡಿನಲ್ಲಿ, ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಗೆ ಸರ್ಕಾರದ ಖರ್ಚಿನಲ್ಲಿ ಸೀಟು ಇಲ್ಲ. ಹಾಗಾಗಿಯೇ ಅಕ್ಕನಿಗೆ ಸಿಕ್ಕಿದ್ದು ತಮ್ಮನಿಗೆ ಸಿಗುತ್ತಿಲ್ಲ. ನಿಮ್ಮ ಮಗಳು ಹಳೆ ನಿಯಮದ ಕೊನೆಯ ಸಾಲಿನಲ್ಲಿ ಸೇರಿದವಳು. ಆಗ ರಾಜ್ಯದಲ್ಲಿ ಲಕ್ಷ ದಾಟಿದ್ದ ಆರ್‌ಟಿಇ ಸೀಟುಗಳು ಮರುವರ್ಷವೇ ಇಪ್ಪತ್ತು ಸಾವಿರದ ಒಳಗೆ ಬಂದವು. ಪೋಷಕರ ಪರವಾಗಿ ಕೆಲವರು ಕೋರ್ಟಿಗೆ ಹೋದರು. 2019ರ ಮೇನಲ್ಲಿ ಹೈಕೋರ್ಟ್ ಸರ್ಕಾರದ ತಿದ್ದುಪಡಿಯನ್ನೇ ಒಪ್ಪಿತು.

ಸರ್ಕಾರದ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಪಕ್ಕದಲ್ಲೇ ಸರ್ಕಾರಿ ಶಾಲೆ ಇದ್ದೂ ಅಲ್ಲಿನ ಮಕ್ಕಳನ್ನು ನಾವೇ ದುಡ್ಡು ಕೊಟ್ಟು ಬೇರೆ ಕಡೆ ಕಳಿಸುತ್ತಿದ್ದೆವು. ಒಂದನೇ ಕ್ಲಾಸಿಗೆ ಮೂರೇ ಮಕ್ಕಳು ಬಂದ ಶಾಲೆಯಲ್ಲಿ ಮೇಷ್ಟ್ರು ಹಾಜರಿ ಪುಸ್ತಕ ತೋರಿಸಿ ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ. ಆದರೆ ಬಾಗಿಲು ಮುಚ್ಚುವ ಮೊದಲು ಆ ಸರ್ಕಾರಿ ಶಾಲೆಗೆ ತರಗತಿಗೊಬ್ಬ ಮೇಷ್ಟ್ರು ಕೊಡಬೇಕಿತ್ತು. ಅದನ್ನು ಮಾಡದೆ ಇದನ್ನು ಮಾಡಿದ್ದು ತಪ್ಪು. ಮಹಾರಾಷ್ಟ್ರ 2024ರಲ್ಲಿ ಇಂಥದ್ದೇ ನಿಯಮ ತಂದಾಗ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟೂ ಆ ತೀರ್ಪಿಗೆ ಕೈ ಹಾಕಲಿಲ್ಲ. ಹಾಗಂತ ಅದರಿಂದ ನಮ್ಮ ನಿಯಮ ತಾನಾಗಿ ಬಿದ್ದುಹೋಗುವುದಿಲ್ಲ. ಅದನ್ನು ನಂಬಿ ಮಗನ ವರ್ಷ ಕಾಯಿಸಬೇಡಿ.

ನಿಮ್ಮ ವಾರ್ಡಿನಲ್ಲಿ ಅನುದಾನಿತ ಪ್ರಾಥಮಿಕ ಶಾಲೆ ಇದ್ದರೆ ಅಲ್ಲಿನ ಉಚಿತ ಸೀಟಿಗೆ ಅರ್ಜಿ ಹಾಕಬಹುದು. ಸುತ್ತಮುತ್ತ ಸರ್ಕಾರದ್ದೇ ಆದ ಕರ್ನಾಟಕ ಪಬ್ಲಿಕ್ ಶಾಲೆ ಇದ್ದರೆ ಇನ್ನೂ ಒಳ್ಳೆಯದು, ಪಿಯುಸಿವರೆಗೆ ಒಂದೇ ಆವರಣ. ಇಂಗ್ಲಿಷ್ ಬೇಕು ಅನ್ನುವುದು ನಿಮ್ಮ ಆಸೆ ಇರಬಹುದು, ತಪ್ಪೇನಿಲ್ಲ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರು ಮಾಡಿದರು, ಆಮೇಲೆ ಹೆಚ್ಚಿಸಿದ್ದಾರೆ. ಆರನೇ ಕ್ಲಾಸಿಗೆ ಬಂದಾಗ ಆದರ್ಶ ವಿದ್ಯಾಲಯ, ಮೊರಾರ್ಜಿ ಶಾಲೆಗಳ ಪ್ರವೇಶ ಪರೀಕ್ಷೆ ಇದ್ದೇ ಇದೆ.

ಹತ್ತಿರದ ಸರ್ಕಾರಿ ಶಾಲೆ ಹೇಗಿದೆ ಅಂತ ಬೇರೆಯವರನ್ನು ಕೇಳಬೇಡಿ, ಹೋಗಿ ನೋಡಿ. ನಾನು ಶಾಲೆಗೆ ಹೋದಾಗ ಗೋಡೆಯ ಬಣ್ಣ ನೋಡುತ್ತಿರಲಿಲ್ಲ. ಎರಡನೇ ಕ್ಲಾಸಿನ ಯಾವುದಾದರೂ ಮಗುವಿನ ಕಾಪಿ ಪುಸ್ತಕ ತೆಗೆಯುತ್ತಿದ್ದೆ. ಹಾಳೆ ಮಗುಚುತ್ತಾ ಹೋದರೆ ಕೆಂಪು ಶಾಯಿಯ ರುಜು, ಅದರ ಕೆಳಗೆ ತಾರೀಖು ಕಾಣಬೇಕು. ತಪ್ಪಿದ ಅಕ್ಷರವನ್ನು ಪಕ್ಕದಲ್ಲಿ ಮೇಷ್ಟ್ರು ತಿದ್ದಿ ಬರೆದು, ಮಗು ಕೆಳಗೆ ಮತ್ತೆ ಬರೆದಿದ್ದರೆ ಆ ಶಾಲೆಯಲ್ಲಿ ಪಾಠ ನಡೆಯುತ್ತಿದೆ ಎಂದು ಅರ್ಥ. ಒಂದೇ ದಿನ ಇಪ್ಪತ್ತು ಹಾಳೆಗೂ ರುಜು ಬಿದ್ದಿದ್ದರೆ ಸುಮ್ನೆ ತಪಾಸಣೆಗೆ ಹಾಕಿದ್ದು. ಆಮೇಲೆ ಊಟದ ಹೊತ್ತಿಗೆ ನಿಲ್ಲಿ, ಶೌಚಾಲಯದಲ್ಲಿ ನೀರು ಇದೆಯಾ ನೋಡಿ. 60 ಮಕ್ಕಳವರೆಗೆ ಇಬ್ಬರು ಮೇಷ್ಟ್ರು ಇರಲೇಬೇಕೆಂದು ಕಾಯ್ದೆಯೇ ಹೇಳುತ್ತದೆ. ಇಲ್ಲದಿದ್ದರೆ ಶಾಲೆಯ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಪ್ರಶ್ನೆ ಎತ್ತಿ. ಅಲ್ಲಿ ಹೆಚ್ಚಿನವರು ಪೋಷಕರೇ ಇರಬೇಕು, ಅರ್ಧ ಹೆಂಗಸರು ಇರಬೇಕು. ನೀವೂ ಸೇರಬಹುದು.

ಕೊನೆಗೆ ಆ ಟ್ಯೂಷನ್ ಸೆಂಟರು. ಅವರು ಹೇಳಿದ್ದು ಸುಳ್ಳು. ಮನೆಯಲ್ಲಿ ಓದುವ ಮಗುವಿಗೆ ಸರ್ಕಾರ ಪೋಷಕರ ಖಾತೆಗೆ ಹಣ ಹಾಕುವ ಯೋಜನೆ ನಮ್ಮ ರಾಜ್ಯದಲ್ಲಿ ಇಲ್ಲ. ಅಮೆರಿಕದ ಅರಿಜೋನಾ, ಫ್ಲೋರಿಡಾದಂಥ ಕೆಲವು ರಾಜ್ಯಗಳಲ್ಲಿ ಅಂಥ ಖಾತೆಗಳಿವೆ, ಅದರ ವೀಡಿಯೊ ನೋಡಿ ಇಲ್ಲಿ ಹೇಳುತ್ತಿರಬಹುದು. ಮನೆಯಲ್ಲೇ ಓದಿಸುವ ತಂದೆತಾಯಿಗಳು ನಮ್ಮಲ್ಲೂ ಇದ್ದಾರೆ, ಅವರನ್ನು ಶಿಕ್ಷಿಸುವ ಕಲಂ ಕಾಯ್ದೆಯಲ್ಲಿಲ್ಲ. ಆದರೆ ಅವರು ದಿನವಿಡೀ ಮಗುವಿನ ಜೊತೆ ಕೂರುವವರು, ಖರ್ಚೆಲ್ಲ ಅವರದ್ದೇ. ಓಪನ್ ಸ್ಕೂಲ್ ಅಂದರೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ನಿಜವಾದ ಸಂಸ್ಥೆ, 1989ರಿಂದ ಇದೆ, ಅದರ ಹತ್ತನೇ ಕ್ಲಾಸ್ ಪರೀಕ್ಷೆಗೆ ಮಾನ್ಯತೆ ಇದೆ. ಆದರೆ ಆ ಕೋರ್ಸಿಗೆ ಸೇರಲು 14 ವರ್ಷ ತುಂಬಿರಬೇಕು, ಫೀಸನ್ನು ನೀವೇ ಕಟ್ಟಬೇಕು. ಆರು ವರ್ಷದ ಹುಡುಗನನ್ನು ಅದರ ಹೆಸರು ಹೇಳಿ ಎಂಟು ವರ್ಷ ಟ್ಯೂಷನ್ ಸೆಂಟರಿನಲ್ಲಿ ಕೂರಿಸಿದರೆ ಅವನಿಗೆ ಬಿಸಿಯೂಟ ಇಲ್ಲ, ಹಾಲು ಇಲ್ಲ, ದಾಖಲೆ ಇಲ್ಲ. ಮಾನ್ಯತೆ ಇಲ್ಲದೆ ಶಾಲೆಯಂತೆ ನಡೆಸಿದರೆ ಅವರಿಗೇ ಒಂದು ಲಕ್ಷದವರೆಗೆ ದಂಡ ಬೀಳಬಹುದು. ಅರ್ಧದಲ್ಲಿ ಬಾಗಿಲು ಹಾಕಿದರೆ ನಿಮ್ಮ ಮಗ ನಡುಬೀದಿಯಲ್ಲಿ. ಆಗಲೂ ವಯಸ್ಸಿಗೆ ತಕ್ಕ ತರಗತಿಗೆ ಸರ್ಕಾರಿ ಶಾಲೆ ಸೇರಿಸಿಕೊಳ್ಳಬೇಕು ಅನ್ನುವುದು ನಿಜ. ಆದರೆ ಕಳೆದುಹೋದ ಕಲಿಕೆ ಒಂದೇ ದಿನದಲ್ಲಿ ವಾಪಸ್ ಬರುವುದಿಲ್ಲ.

ಮನೆಯ ಕಲಿಕೆಗೆ ಸರ್ಕಾರ ನಿಜವಾಗಿ ನೆರವಾಗುವುದು ಒಂದೇ ಕಡೆ. ತೀವ್ರ ಅಂಗವೈಕಲ್ಯದಿಂದ ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಇದೆ, ಇಂಥ ಮಕ್ಕಳಿಗೆಂದೇ ತಾಲ್ಲೂಕಿನಲ್ಲಿ ಇರುವ ಬಿಐಇಆರ್‌ಟಿ ಶಿಕ್ಷಕರು ಮನೆಗೇ ಹೋಗಿ ಕಲಿಸುತ್ತಾರೆ. ನಿಮ್ಮ ಬೀದಿಯಲ್ಲಿ ಅಂಥ ಮಗು ಇದ್ದರೆ ಆ ತಾಯಿಗೆ ಬಿಇಒ ಕಚೇರಿಗೆ ಹೋಗಿ ಕೇಳಲು ಹೇಳಿ.

ಸದ್ಯಕ್ಕೆ ಈ ವಾರ ಮೂರು ಕೆಲಸ ಮಾಡಿ. ಲೇಬರ್ ಕಾರ್ಡಿನ ಅವಧಿ ನೋಡಿ. ಮಗಳ ಜೊತೆ ಎರಡು ಹೈಸ್ಕೂಲಿಗೆ ಹೋಗಿಬನ್ನಿ. ಟ್ಯೂಷನ್ ಸೆಂಟರಿಗೆ ಅಡ್ವಾನ್ಸ್ ಕೊಟ್ಟಿದ್ದರೆ ರಸೀದಿ ತೋರಿಸಿ ವಾಪಸ್ ಕೇಳಿ. ಮಗಳ ಪಠ್ಯಕ್ರಮ ಮತ್ತು ಪ್ರಥಮ ಭಾಷೆ ಯಾವುದು ಅಂತ ನನಗೆ ಬರೆಯಿರಿ. ಹೊಸ ಶಾಲೆಯಲ್ಲಿ ಏನೇನು ಕೇಳಬೇಕು ಅನ್ನುವುದನ್ನು ಅದರ ಮೇಲೆ ಹೇಳುತ್ತೇನೆ.